ದಿ ವಿಲೇಜಸ್‌ನಲ್ಲಿ ಮನೆ: 466ರ ಉತ್ತರಕ್ಕೋ, 44ರ ದಕ್ಷಿಣಕ್ಕೋ?

ಎಡಿಸನ್ ಕನ್ನಡಿಗ
ಫ್ಲೋರಿಡಾದಲ್ಲಿ ನಿವೃತ್ತರಿಗೆಂದೇ ಕಟ್ಟಿದ ಊರು ದಿ ವಿಲೇಜಸ್‌ನಲ್ಲಿ ಮನೆ ಕೊಳ್ಳಬೇಕೆಂದಿದ್ದೇವೆ. ಇಬ್ಬರೇ ಇರುವುದು, ವಯಸ್ಸು 66 ಮತ್ತು 63. ಬಜೆಟ್ 4 ಲಕ್ಷ ಡಾಲರ್ ಒಳಗೆ. ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಮೈಸೂರಿನಲ್ಲಿರುತ್ತೇವೆ. ಗಾಲ್ಫ್ ಆಡುವುದಿಲ್ಲ. ನಡಿಗೆ, ಈಜು, ಸಂಜೆ ಸಂಗೀತ ಇದ್ದರೆ ಸಾಕು. ಎರಡು ಮನೆ ನೋಡಿಟ್ಟಿದ್ದೇವೆ. ಒಂದು ರಸ್ತೆ 466ರ ಉತ್ತರಕ್ಕೆ, 1999ರಲ್ಲಿ ಕಟ್ಟಿದ್ದು, ಬಾಂಡ್ ತೀರಿದೆ. ಇನ್ನೊಂದು ರಸ್ತೆ 44ರ ದಕ್ಷಿಣಕ್ಕೆ, 2023ರದ್ದು. ಬೆಲೆ 25,000 ಡಾಲರ್ ಕಡಿಮೆ, ಆದರೆ 38,000 ಬಾಂಡ್ ಬಾಕಿ ಇದೆ. ಬಾಗಿಲು ಪೂರ್ವಕ್ಕಿರಲಿ ಎಂಬುದು ಮನೆಯವರ ಆಸೆ. ತಿಳಿದವರು ಹೇಳಿ.

ತೀರ್ಥಹಳ್ಳಿ ಟ್ಯಾಂಪಾ
ಸರ್, ಮೊದಲು ಬಾಂಡ್ ಲೆಕ್ಕ. ರಸ್ತೆ, ಚರಂಡಿ, ನೀರಿನ ಕೊಳವೆ ಹಾಕಲು ಅಲ್ಲಿನ ಅಭಿವೃದ್ಧಿ ಜಿಲ್ಲೆ, ಅಂದರೆ ಸಿಡಿಡಿ, ಸಾಲ ಎತ್ತಿರುತ್ತದೆ. ಫ್ಲೋರಿಡಾದಲ್ಲಿ 1980ರಿಂದ ಇದಕ್ಕೆ ಕಾನೂನಿದೆ. ಆ ಸಾಲದಲ್ಲಿ ನಿಮ್ಮ ನಿವೇಶನದ ಪಾಲೇ ಬಾಂಡ್. ಅದು ನಿಮ್ಮ ಹೆಸರಿಗಲ್ಲ, ನಿವೇಶನಕ್ಕೆ ಅಂಟಿಕೊಂಡಿರುತ್ತದೆ. ಹಿಂದಿನವರು ಕಟ್ಟದೆ ಬಿಟ್ಟಿದ್ದು ನಿಮ್ಮ ತಲೆಗೆ ಬರುತ್ತದೆ. ಹಾಗಾಗಿ 25,000 ಕಡಿಮೆ ಎಂದು ಕಾಣುವ ಮನೆ ವಾಸ್ತವದಲ್ಲಿ 13,000 ಹೆಚ್ಚಿನದು.

38,000 ಬಾಕಿ, ಶೇಕಡ 5 ಬಡ್ಡಿ, ಇನ್ನೂ 28 ವರ್ಷ ಎಂದು ಹಿಡಿದರೆ ವರ್ಷಕ್ಕೆ ಸುಮಾರು 2,550 ಡಾಲರ್. ಅವಧಿ ಮುಗಿಯುವವರೆಗೂ ಹೀಗೇ ಕಟ್ಟಿದರೆ ಒಟ್ಟು 71,000 ದಾಟುತ್ತದೆ. ಕೈಯಲ್ಲಿ ಹಣವಿದ್ದರೆ ಒಂದೇ ಸಲ ತೀರಿಸಬಹುದು. ನಿಖರ ಬಾಕಿಯನ್ನು ಜಿಲ್ಲಾ ಕಚೇರಿಯಲ್ಲಿ ಯೂನಿಟ್ (ಬಡಾವಣೆಯ ಭಾಗ) ಮತ್ತು ಲಾಟ್ (ನಿವೇಶನ) ಸಂಖ್ಯೆ ಕೊಟ್ಟು ಕೇಳಿ, ಮಾರುವವರ ಬಾಯಿಮಾತು ನಂಬಬೇಡಿ. ಬಾಂಡ್ ತೀರಿದ ಮನೆಗೂ ವಾರ್ಷಿಕ ನಿರ್ವಹಣಾ ಶುಲ್ಕ ಇದ್ದೇ ಇರುತ್ತದೆ, ಅದಕ್ಕೆ ಕೊನೆಯಿಲ್ಲ. ತೆರಿಗೆ ಬಿಲ್ಲಿನಲ್ಲಿ ಎರಡೂ ಬೇರೆ ಬೇರೆ ಸಾಲಿನಲ್ಲಿರುತ್ತವೆ, ನೋಡಿ.

ನನ್ನ ಮತ ಉತ್ತರದ ಮನೆಗೆ.

ಸಾಧನಕೇರಿ
ಬಾಂಡ್ ಒಂದನ್ನೇ ನೋಡಿ ಉತ್ತರಕ್ಕ ಹೋಗಬ್ಯಾಡ್ರಿ. 1999ರ ಮನೀ ಅಂದ್ರ ಮೊದಲು ಕೇಳೂದು ಛಾವಣಿ ಯಾವ ವರ್ಷದ್ದು ಅಂತ. ಶಿಂಗಲ್, ಅಂದ್ರ ಡಾಂಬರು ಹಾಳಿ ಹೊದಿಸಿದ ಛಾವಣಿಗೆ 15 ವರ್ಷ ಆಗೂತನಕ, ಬರೇ ವಯಸ್ಸಿನ ಮ್ಯಾಲೆ ವಿಮಾ ಕಂಪನಿ ನಿರಾಕರಿಸೂಹಂಗಿಲ್ಲ ಅಂತ 2022ರಾಗ ಕಾನೂನು ಆಗೇತಿ. 15 ದಾಟಿದ್ರ, ಇನ್ನೂ 5 ವರ್ಷ ಬಾಳಿಕೆ ಐತಿ ಅಂತ ತಪಾಸಣೆ ವರದಿ ತೋರಿಸಬೇಕಾಗ್ತದ. ಹಳೇ ಮನೀಗೆ ಫೋರ್ ಪಾಯಿಂಟ್ ತಪಾಸಣೆನೂ ಕೇಳ್ತಾರ: ಛಾವಣಿ, ವಿದ್ಯುತ್, ಕೊಳಾಯಿ, ಎಸಿ. 1995ಕ್ಕಿಂತ ಹಿಂದಿನ ಮನೀ ಆದ್ರ ಪಾಲಿಬ್ಯುಟಿಲೀನ್ ಪೈಪ್ ಐತೇನು ನೋಡ್ರಿ. ಬೂದು ಬಣ್ಣದ ಪ್ಲಾಸ್ಟಿಕ್ ಕೊಳವೆ, ನೀರು ಕಾಯಿಸೂ ಟ್ಯಾಂಕಿನ ಹತ್ರ ಸಿಗ್ತದ. ಅದು ಇದ್ರ ವಿಮೆ ಸಿಗೂದು ಕಷ್ಟ. ನಿಮ್ಮ 1999ರ ಮನೀಗೆ ಆ ಚಿಂತಿಲ್ಲ.

ಆದ್ರ ಇನ್ನೊಂದು ಐತ್ರಿ. 1992ರ ಆಂಡ್ರ್ಯೂ ಚಂಡಮಾರುತದ ಪಾಠದಿಂದ ಬಂದ ಕಟ್ಟಡ ನಿಯಮ ಜಾರಿಗೆ ಬಂದದ್ದು 2002ರ ಮಾರ್ಚ್‌ನಾಗ. ಅದಕ್ಕಿಂತ ಹಿಂದಿನ ಮನೀಗೆ ಗಾಳಿ ತಡೆಯೂ ತಪಾಸಣೆ, ಅಂದ್ರ ವಿಂಡ್ ಮಿಟಿಗೇಷನ್, ಮಾಡಿಸಲೇಬೇಕು. ತಪಾಸಕ ಅಟ್ಟ ಹತ್ತಿ ಟ್ರಸ್, ಅಂದ್ರ ಛಾವಣಿ ಹೊರೂ ಚೌಕಟ್ಟು, ಗ್ವಾಡಿಗೆ ಹೆಂಗ ಕೂಡೇತಿ ಅಂತ ಫೋಟೋ ತಗೀತಾನ. ಬರೇ ಓರೆಯಾಗಿ ಹೊಡೆದ ಮೊಳೆ ಇದ್ರ ವಿಮಾ ಕಂತಿನ್ಯಾಗ ರಿಯಾಯಿತಿ ಇಲ್ಲ. ಲೋಹದ ಕ್ಲಿಪ್ ಇದ್ರ ಸ್ವಲ್ಪ. ಪಟ್ಟಿ ಟ್ರಸ್ಸಿನ ಮ್ಯಾಲಿಂದ ಸುತ್ತಿ ಇನ್ನೊಂದು ಕಡೆ ಮೊಳೆ ಹೊಡೆದಿದ್ರ ಇನ್ನೂ ಹೆಚ್ಚು. ಆ ವರದಿ 5 ವರ್ಷ ನಡೀತದ. ಮಾರೂವವರ ಹತ್ರ ಇದ್ರ ಕಾಪಿ ಇಸ್ಕೊಳ್ರಿ, ಖರ್ಚು ಉಳೀತದ.

ಇಲ್ಲೆ ಸಮುದ್ರದ ನೀರು ನುಗ್ಗೂದಿಲ್ಲ, ಖರೆ. ಆದ್ರ 2007ರ ಫೆಬ್ರವರಿ 2ರ ನಸುಕಿನ್ಯಾಗ ಸುಂಟರಗಾಳಿ ಇದೇ ಊರು, ಪಕ್ಕದ ಲೇಡಿ ಲೇಕ್ ಹಾದು ಹೋತು. ಮಧ್ಯ ಫ್ಲೋರಿಡಾದಾಗ 21 ಮಂದಿ ಸತ್ರು.

ಕುಂದಾಪುರ ಒರ್ಲ್ಯಾಂಡೊ
ಇಬ್ಬರೂ ಮನೆಯನ್ನಷ್ಟೇ ನೋಡುತ್ತಿದ್ದೀರಿ. ನಿವೃತ್ತರು ಎಲ್ಲಿ ಓಡಾಡುತ್ತಾರೆ ಎನ್ನುವುದು ಮುಖ್ಯ. ತಿಂಗಳಿಗೆ ಸುಮಾರು 200 ಡಾಲರ್ ಸೌಲಭ್ಯ ಶುಲ್ಕ ನೀವು ಗಾಲ್ಫ್ ಆಡಿದರೂ ಆಡದಿದ್ದರೂ ಕಟ್ಟಬೇಕು. ಅದು ಬೆಲೆ ಸೂಚ್ಯಂಕದ ಜೊತೆ ಏರುತ್ತದೆ, ಮನೆ ಕೈ ಬದಲಾದಾಗ ಚಾಲ್ತಿ ದರಕ್ಕೆ ಬರುತ್ತದೆ. ಹಿಂದಿನ ಮಾಲೀಕರ ಬಿಲ್ಲಿನಲ್ಲಿ ಕಡಿಮೆ ಇದ್ದರೆ ಅದು ನಿಮಗೆ ಸಿಗುತ್ತದೆ ಎಂದುಕೊಳ್ಳಬೇಡಿ.

ಇಡೀ ಊರು ಉತ್ತರ ದಕ್ಷಿಣವಾಗಿ ಉದ್ದಕ್ಕೆ ಬೆಳೆದಿದೆ. ಉತ್ತರದಲ್ಲಿ ಸ್ಪ್ಯಾನಿಷ್ ಸ್ಪ್ರಿಂಗ್ಸ್ ಚೌಕ, ನಡುವೆ ಲೇಕ್ ಸಮ್ಟರ್ ಲ್ಯಾಂಡಿಂಗ್, 44ರ ಹತ್ತಿರ ಬ್ರೌನ್‌ವುಡ್, ಇನ್ನೂ ಕೆಳಗೆ ಸಾಗ್ರಾಸ್ ಗ್ರೋವ್. ಚೌಕಗಳಲ್ಲಿ ಸಂಜೆ ಉಚಿತ ಸಂಗೀತ ಇರುತ್ತದೆ. ಊರೊಳಗೆ ಓಡಾಟಕ್ಕೆ ಎಲ್ಲರೂ ಬಳಸುವ ಪುಟ್ಟ ಗಾಡಿ ಗಾಲ್ಫ್ ಕಾರ್ಟ್ ಗಂಟೆಗೆ 20 ಮೈಲಿ ಮೀರುವಂತಿಲ್ಲ, ತಿರುವು ವೃತ್ತಗಳೂ ಬಹಳ. ದಕ್ಷಿಣದ ತುದಿಯಿಂದ ಸ್ಪ್ಯಾನಿಷ್ ಸ್ಪ್ರಿಂಗ್ಸ್‌ಗೆ ಕಾರ್ಟ್‌ನಲ್ಲಿ ಒಂದು ಗಂಟೆಗೂ ಹೆಚ್ಚು ಬೇಕು. ಒಂದೇ ಊರಲ್ಲಿದ್ದೇವೆ, ಎಲ್ಲ ಚೌಕಗಳಿಗೂ ಹೋಗಬಹುದು ಎಂಬ ಲೆಕ್ಕಾಚಾರ ಅಲ್ಲೇ ತಪ್ಪುತ್ತದೆ. ವಾರಕ್ಕೆ ನಾಲ್ಕು ಸಲ ಹೋಗುವ ಜಾಗ ಕಾರ್ಟ್‌ನಲ್ಲಿ ಹತ್ತು ನಿಮಿಷದೊಳಗೆ ಇರಬೇಕು. ನಿಮಗಾದರೆ ಅದು ಈಜುಕೊಳ. ಉದ್ದಕ್ಕೆ ಈಜುವವರು ವಿಚಾರಿಸಿ ನೋಡಿ, ಹತ್ತಿರದ ಚಿಕ್ಕ ಕೊಳ ನೀರಲ್ಲಿ ನಿಂತು ಮಾತಾಡುವವರಿಗೇ ಸರಿ.

ಇದು ಮುಂದೆಯೂ ಉಪಯೋಗಕ್ಕೆ ಬರುತ್ತದೆ. ಕಣ್ಣು ಮಂದವಾಗಿ ಕಾರು ಬಿಟ್ಟ ಮೇಲೂ ಕಾರ್ಟ್ ಓಡಿಸಬಹುದು. 18 ದಾಟಿದವರಿಗೆ ಸರ್ಕಾರಿ ಫೋಟೋ ಗುರುತಿನ ಚೀಟಿ ಸಾಕು, ಚಾಲನಾ ಪರವಾನಗಿ ಬೇಕಿಲ್ಲ. ಆದರೆ 25 ಮೈಲಿವರೆಗೆ ಓಡುವ, ನಂಬರ್ ಪ್ಲೇಟ್ ಇರುವ ಬಗೆ ಕೊಂಡರೆ ಪರವಾನಗಿ, ನೋಂದಣಿ ಎರಡೂ ಬೇಕು. ಕಿರಾಣಿ, ಔಷಧಿ ಅಂಗಡಿ, ವೈದ್ಯರು ಕಾರ್ಟ್ ದಾರಿಯಲ್ಲೇ ಸಿಗುವಂಥ ಮನೆ ಹುಡುಕಿ. ಹಳೆಯ ಭಾಗದಲ್ಲಿ ಇವೆಲ್ಲ ನೆಲೆಯೂರಿವೆ, ಯುಎಫ್ ಹೆಲ್ತ್ ಆಸ್ಪತ್ರೆಯೂ ಉತ್ತರದಲ್ಲೇ ಇದೆ. ದಕ್ಷಿಣದಲ್ಲಿ ಇನ್ನೂ ಕಟ್ಟುತ್ತಿದ್ದಾರೆ.

ಎಡಿಸನ್ ಕನ್ನಡಿಗ
ತುಂಬ ಧನ್ಯವಾದ. ಉತ್ತರದ ಮನೆಯ ಕಳೆದ ವರ್ಷದ ತೆರಿಗೆ ಬಿಲ್ 2,100 ಡಾಲರ್ ಮಾತ್ರ. ನ್ಯೂಜೆರ್ಸಿಗೆ ಹೋಲಿಸಿದರೆ ನಂಬಲಾಗದಷ್ಟು ಕಡಿಮೆ. ಇದೇ ಕಾರಣಕ್ಕೆ ಅತ್ತ ಮನಸ್ಸು ವಾಲುತ್ತಿದೆ.

ಹಾಸನ ಲೆಕ್ಕಿಗ
ಆ ಬಿಲ್ ನೋಡಿ ನಿರ್ಧಾರ ಮಾಡಬೇಡಿ ಸರ್. ವಾಸದ ಮನೆಯ ತೆರಿಗೆ ಮೌಲ್ಯ ವರ್ಷಕ್ಕೆ ಶೇಕಡ 3 ಅಥವಾ ಹಣದುಬ್ಬರ, ಯಾವುದು ಕಡಿಮೆಯೋ ಅಷ್ಟು ಮಾತ್ರ ಏರಬಹುದು. 15–20 ವರ್ಷ ಅಲ್ಲೇ ಇದ್ದವರ ಮೌಲ್ಯ ಮಾರುಕಟ್ಟೆ ಬೆಲೆಯ ಅರ್ಧಕ್ಕೆ ನಿಂತಿರಬಹುದು. ಮನೆ ಮಾರಿದ ಮರುವರ್ಷದ ಜನವರಿ 1ಕ್ಕೆ ಆ ಮಿತಿ ಕಳಚಿ, ಮೌಲ್ಯ ಮಾರುಕಟ್ಟೆ ಬೆಲೆಗೆ ಜಿಗಿಯುತ್ತದೆ. ಮೊದಲ ವರ್ಷ ಹಳೆಯ ಬಿಲ್ಲೇ ಬರುವುದರಿಂದ ಗೊತ್ತಾಗುವುದಿಲ್ಲ, ಎರಡನೇ ವರ್ಷ ಹೊರೆ ಬೀಳುತ್ತದೆ. ಕೌಂಟಿಯ ಮೌಲ್ಯಮಾಪಕರ ಜಾಲತಾಣದಲ್ಲಿ ನಿಮ್ಮ ಖರೀದಿ ಬೆಲೆ ಹಾಕಿ ಅಂದಾಜು ತೆಗೆಯಿರಿ. ಮನೆ ಸಮ್ಟರ್ ಕೌಂಟಿಯಲ್ಲಿದೆಯೋ, ಲೇಕ್‌ನಲ್ಲೋ, ಮೇರಿಯನ್‌ನಲ್ಲೋ ಮೊದಲು ನೋಡಿಕೊಳ್ಳಿ. ಮೂರರ ದರವೂ ಬೇರೆ.

ನೀವು ಮೈಸೂರಿಗೆ ಹೋಗುವ ತಿಂಗಳುಗಳೇ ಇಲ್ಲಿ ಗಡುವಿನ ತಿಂಗಳುಗಳು. ಬಿಲ್ ನವೆಂಬರ್‌ನಲ್ಲಿ ಬರುತ್ತದೆ. ಆ ತಿಂಗಳೇ ಕಟ್ಟಿದರೆ ಶೇಕಡ 4 ರಿಯಾಯಿತಿ, ಡಿಸೆಂಬರ್‌ನಲ್ಲಿ 3, ಜನವರಿಯಲ್ಲಿ 2, ಫೆಬ್ರವರಿಯಲ್ಲಿ 1. ವಿಮಾನ ಹತ್ತುವ ಮೊದಲೇ ಕಟ್ಟಿಬಿಡಿ. ಹೋಮ್‌ಸ್ಟೆಡ್, ಅಂದರೆ ವಾಸದ ಮನೆಗೆ ಸಿಗುವ ತೆರಿಗೆ ವಿನಾಯಿತಿಗೆ, ಜನವರಿ 1ಕ್ಕೆ ಅದು ನಿಮ್ಮ ಕಾಯಂ ವಾಸದ ಮನೆ ಆಗಿರಬೇಕು, ಅರ್ಜಿಗೆ ಕೊನೆ ದಿನ ಮಾರ್ಚ್ 1. ಗ್ರೀನ್ ಕಾರ್ಡ್‌ನವರಿಗೂ ಸಿಗುತ್ತದೆ. ಖರೀದಿಯನ್ನು ಜನವರಿಗೆ ತಳ್ಳಿದರೆ ಒಂದು ವರ್ಷದ ವಿನಾಯಿತಿ ಹೋಯಿತು.

ಇನ್ನೊಂದು ಮಾತು. ಜನವರಿಯಿಂದ ಮಾರ್ಚ್ ಅಲ್ಲಿ ಬಾಡಿಗೆ ಅತಿ ಹೆಚ್ಚು, ಹೇಗೂ ಖಾಲಿ ಇರುತ್ತದಲ್ಲ ಎಂದು ಕೊಡುವ ಆಸೆ ಬರುತ್ತದೆ. ವರ್ಷಕ್ಕೆ 30 ದಿನ ಮೀರಿ, ಸತತ ಎರಡು ವರ್ಷ ಬಾಡಿಗೆಗೆ ಕೊಟ್ಟರೆ ಹೋಮ್‌ಸ್ಟೆಡ್ ರದ್ದಾಗುತ್ತದೆ, ಜೊತೆಗೆ ಶೇಕಡ 3ರ ಮಿತಿಯೂ ಹೋಗುತ್ತದೆ.

ಪಡುವಾರಹಳ್ಳಿ
ಪೂರ್ವದ ಬಾಗಿಲಿನ ಬಗ್ಗೆ ಯಾರೂ ಹೇಳಲಿಲ್ಲ. ಇಲ್ಲಿನ ಮನೆಗಳಲ್ಲಿ ಮುಂಬಾಗಿಲಿಗೆ ನೇರ ಹಿಂದೆ ಲನಾಯ್, ಅಂದರೆ ಜಾಲರಿ ಹಾಕಿದ ಹಿಂದಿನ ಜಗುಲಿ. ಬಾಗಿಲು ಪೂರ್ವಕ್ಕಿದ್ದರೆ ಲನಾಯ್ ಪಶ್ಚಿಮಕ್ಕೆ. ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗೆ ಮಧ್ಯಾಹ್ನ ಮೂರರಿಂದ ಅಲ್ಲಿ ಕೂರಲಾಗುವುದಿಲ್ಲ, ಗಾಜಿನ ಬಾಗಿಲಿನಿಂದ ಬಿಸಿ ಒಳಗೂ ಬರುತ್ತದೆ. ಚಳಿಗಾಲಕ್ಕೆ ಮಾತ್ರ ಬರುವವರಿಗೆ ಪಶ್ಚಿಮದ ಬಿಸಿಲು ಹಿತ. ನೀವು ಚಳಿಗಾಲದಲ್ಲಿ ಹೋಗಿ ಬೇಸಿಗೆಯಲ್ಲಿ ಇರುವವರು, ನಿಮಗೆ ಇದೇ ದೊಡ್ಡ ಸಮಸ್ಯೆ. ಶಾಸ್ತ್ರದಲ್ಲಿ ಉತ್ತರದ ಬಾಗಿಲೂ ಶ್ರೇಷ್ಠವೇ, ಆಗ ಲನಾಯ್ ದಕ್ಷಿಣಕ್ಕೆ ಬರುತ್ತದೆ. ಬೇಸಿಗೆಯಲ್ಲಿ ಸೂರ್ಯ ನೆತ್ತಿಯ ಮೇಲಿರುವುದರಿಂದ ಛಾವಣಿಯ ನೆರಳೇ ಸಾಕಾಗುತ್ತದೆ. ಪೂರ್ವವೇ ಬೇಕೆಂದರೆ ಹೊರಗಿನಿಂದ ಇಳಿಬಿಡುವ ಪರದೆ ಹಾಕಿಸಿ. ಒಳಗಿನ ಪರದೆ ಬೆಳಕು ತಡೆಯುತ್ತದೆಯೇ ಹೊರತು ಬಿಸಿಯನ್ನು ಅಷ್ಟಾಗಿ ತಡೆಯುವುದಿಲ್ಲ.

ತುಳಸಿ ಕಟ್ಟೆಗೂ ಯೋಚಿಸಿ. ಎಷ್ಟೋ ಯೂನಿಟ್‌ಗಳ ನಿರ್ಬಂಧ ಪತ್ರದಲ್ಲಿ ಅಂಗಳದಲ್ಲಿ ಅಲಂಕಾರ ವಸ್ತು ಇಡುವಂತಿಲ್ಲ, ಯಾರಾದರೂ ದೂರು ಕೊಟ್ಟರೆ ತೆಗೆಯಬೇಕಾಗುತ್ತದೆ. ಲನಾಯ್ ಒಳಗೆ ಕುಂಡದಲ್ಲಿಟ್ಟರೆ ತೊಂದರೆಯಿಲ್ಲ. ಕೋರ್ಟ್‌ಯಾರ್ಡ್ ವಿಲ್ಲಾ ಆದರೆ ಸುತ್ತಲೂ ಗೋಡೆ ಇರುತ್ತದೆ, ನಿಮ್ಮ ಅಂಗಳ ಯಾರ ಕಣ್ಣಿಗೂ ಬೀಳುವುದಿಲ್ಲ, ಹುಲ್ಲು ಕತ್ತರಿಸುವ ಕೆಲಸವೂ ಕಡಿಮೆ. ಇಬ್ಬರಿಗೆ ಹೇಳಿ ಮಾಡಿಸಿದ ಮನೆ. ಅಡುಗೆಮನೆಯಲ್ಲಿ ಒಲೆಯ ಮೇಲಿನ ಫ್ಯಾನ್ ಹೊಗೆಯನ್ನು ಹೊರಗೆ ದಬ್ಬುತ್ತದೆಯೋ, ಮತ್ತೆ ಒಳಗೇ ಬಿಡುತ್ತದೆಯೋ ನೋಡಿ. ದಿನಾ ಒಗ್ಗರಣೆ ಹಾಕುವ ಮನೆಗೆ ಎರಡನೆಯದು ಆಗುವುದಿಲ್ಲ.

ಸಾಧನಕೇರಿ
ಪಡುವಾರಹಳ್ಳಿಯವರ ಮಾತು ಖರೆ. ಗಾಲ್ಫ್ ಮೈದಾನದ ನೋಟಕ್ಕ ಹೆಚ್ಚಿಗೆ ರೊಕ್ಕಾನೂ ಕೊಡಬ್ಯಾಡ್ರಿ, ನೀವು ಆಡೂದಿಲ್ಲ. ಬಲಗೈ ಆಟಗಾರರ ತಪ್ಪಿದ ಹೊಡೆತ ಬಲಕ್ಕ ಹಾರ್ತದ. ಹೊಡೆಯೂ ಜಾಗದಿಂದ 180–220 ಗಜ ದೂರದಾಗ, ಬಲಗಡಿ ಇರೂ ಮನೀ ಕಿಟಕಿ ಪದೇ ಪದೇ ಒಡೀತಾವ.

ಮತ್ತ ಸಿಂಕ್‌ಹೋಲ್, ಅಂದ್ರ ನೆಲ ಕುಸಿದು ಬೀಳೂ ಗುಂಡಿ. ಈ ಭಾಗದ ನೆಲದ ಕೆಳಗ ಸುಣ್ಣದಕಲ್ಲು, ನೀರಿಗೆ ಕರಗ್ತದ. 2018ರಾಗ ಕ್ಯಾಲುಮೆಟ್ ಗ್ರೋವ್ ಓಣಿಯೊಳಗ ನೆಲ ಕುಸಿದು ಮನೀ ಖಾಲಿ ಮಾಡಿಸಿದ್ರು. ಸಾಮಾನ್ಯ ಪಾಲಿಸಿಯೊಳಗ ಇರೂದು ನೆಲ ಪೂರ್ತಿ ಕುಸಿದು, ಮನೀ ವಾಸಕ್ಕ ಯೋಗ್ಯ ಅಲ್ಲ ಅಂತ ಸರ್ಕಾರ ಖಾಲಿ ಮಾಡಿಸಿದ್ರ ಮಾತ್ರ. ಗ್ವಾಡಿ ಬಿರುಕು ಬಿಟ್ಟ್ರ, ನೆಲ ಇಳಿದ್ರ ಅದು ಬರೂದಿಲ್ಲ. ಅದಕ್ಕ ಸಿಂಕ್‌ಹೋಲ್ ಕವಚ ಬ್ಯಾರೆ ತಗೋಬೇಕು. ಹಿಂದ ಅಂಥ ಪರಿಹಾರ ಪಡೆದ ಮನೀ ಆಗಿದ್ರ ಮಾರೂವವರು ಹೇಳಲೇಬೇಕು ಅಂತ ಕಾನೂನು ಐತಿ. ಬರಹದಾಗ ಕೇಳ್ರಿ.

ತೀರ್ಥಹಳ್ಳಿ ಟ್ಯಾಂಪಾ
ಸಾಧನಕೇರಿಯವರ ವಾದ ಒಪ್ಪುತ್ತೇನೆ, 1999 ಬೇಡ. ಆದರೆ 44ರ ದಕ್ಷಿಣವೂ ಬೇಡ. ರಸ್ತೆ 466 ಮತ್ತು ಅದರ ದಕ್ಷಿಣದ ರಸ್ತೆ 466ಎ ನಡುವಿನ ಪಟ್ಟಿ ನೋಡಿ. ಅಲ್ಲಿನ ಬಹುತೇಕ ಮನೆಗಳು 2002ರ ನಿಯಮದ ನಂತರದವು, ಬಾಂಡ್ ಸಾಕಷ್ಟು ತೀರಿರುತ್ತದೆ, ಹಲವರು ಪೂರ್ತಿ ಕಟ್ಟಿರುತ್ತಾರೆ, ಲೇಕ್ ಸಮ್ಟರ್ ಲ್ಯಾಂಡಿಂಗ್ ಹತ್ತಿರ. ಛಾವಣಿ ಈಚೆಗೆ ಬದಲಿಸಿರುವ ಮನೆ ಸಿಕ್ಕರೆ ಬಿಡಬೇಡಿ.

ಹುಡುಕುವಾಗ ಎರಡು ಕಡೆ ಹುಡುಕಬೇಕು. ಊರು ಕಟ್ಟಿದ ಕಂಪನಿಗೆ ತನ್ನದೇ ಮಾರಾಟ ವಿಭಾಗವಿದೆ, ಅವರ ಏಜೆಂಟರು ಅವರ ಪಟ್ಟಿಯ ಮನೆ ತೋರಿಸುತ್ತಾರೆ. ಹೊರಗಿನ ಏಜೆಂಟರ ಪಟ್ಟಿ ಬೇರೆ. ಒಬ್ಬರನ್ನೇ ಹಿಡಿದುಕೊಂಡರೆ ಅರ್ಧ ಮನೆಗಳು ಕಾಣುವುದೇ ಇಲ್ಲ.

ಕುಂದಾಪುರ ಒರ್ಲ್ಯಾಂಡೊ
466 ಮತ್ತು 466ಎ ನಡುವಿನ ಜಾಗಕ್ಕೆ ನನ್ನದೂ ಒಪ್ಪಿಗೆ. ಕೊಳ್ಳುವ ಮೊದಲು ಆಗಸ್ಟ್‌ನಲ್ಲಿ ಒಂದು ತಿಂಗಳು ಬಾಡಿಗೆಗೆ ಇದ್ದು ನೋಡಿ. ಫೆಬ್ರವರಿಯಲ್ಲಿ ಎಲ್ಲ ಊರೂ ಚೆಂದ.

ಮೊಮ್ಮಕ್ಕಳು ರಜೆಗೆ ಬರುವುದಾದರೆ ನಿಯಮ ತಿಳಿದಿರಲಿ: 19 ವರ್ಷದೊಳಗಿನವರು ವರ್ಷಕ್ಕೆ 30 ದಿನ ಮಾತ್ರ ಉಳಿಯಬಹುದು. ಬೇಸಿಗೆ ರಜೆ ಪೂರ್ತಿ ಇಟ್ಟುಕೊಳ್ಳುವಂತಿಲ್ಲ. ದೇವಸ್ಥಾನಕ್ಕೆ ಕ್ಯಾಸಲ್‌ಬೆರಿಯವರೆಗೆ ಕಾರಿನಲ್ಲಿ ಒಂದು ಗಂಟೆಗೂ ಹೆಚ್ಚು. ಅಡುಗೆಯ ಗೊಡವೆಯೇ ಬೇಡ, ಸುತ್ತ ನಮ್ಮವರೇ ಇರಲಿ ಅನ್ನಿಸಿದರೆ ಟವಾರೆಸ್‌ನ ಶಾಂತಿನಿಕೇತನ ಒಮ್ಮೆ ನೋಡಿಬನ್ನಿ, ಭಾರತೀಯ ಹಿರಿಯರಿಗೆಂದೇ ಕಟ್ಟಿದ್ದು. ಅಲ್ಲಿರುವುದು ಕಾಂಡೊಗಳು, ಅಂದರೆ ಮಾಲೀಕರ ಸಂಘ ನೋಡಿಕೊಳ್ಳುವ ಮನೆಗಳು, ಹಾಗಾಗಿ ಬಾಂಡ್ ಬದಲು ಸಂಘದ ಮಾಸಿಕ ಶುಲ್ಕ ಮತ್ತು ಮೀಸಲು ನಿಧಿಯ ಲೆಕ್ಕ ಕೇಳಬೇಕು.

ಎಡಿಸನ್ ಕನ್ನಡಿಗ
ಹಾಗಾದರೆ ಮಧ್ಯದ ಪಟ್ಟಿಯಲ್ಲಿ ಉತ್ತರಕ್ಕೆ ಬಾಗಿಲಿರುವ ಕೋರ್ಟ್‌ಯಾರ್ಡ್ ವಿಲ್ಲಾ ಹುಡುಕುತ್ತೇವೆ. ಮನೆಯವರೂ ಒಪ್ಪಿದ್ದಾರೆ. ಮೂರು ತಿಂಗಳು ಬೀಗ ಹಾಕಿ ಹೋಗುವಾಗ ಏನು ಮಾಡಬೇಕು?

ಹಾಸನ ಲೆಕ್ಕಿಗ
ಮುಖ್ಯ ನೀರಿನ ವಾಲ್ವ್ ಮುಚ್ಚಿ, ನೀರು ಕಾಯಿಸುವ ಟ್ಯಾಂಕಿನ ವಿದ್ಯುತ್ ಆರಿಸಿ. ಎಸಿ ಪೂರ್ತಿ ಆರಿಸಬೇಡಿ. ಡಿಸೆಂಬರ್‌ನಲ್ಲೂ ಸೆಕೆಯ, ತೇವದ ದಿನಗಳು ಬರುತ್ತವೆ. ತೇವಾಂಶ ಶೇಕಡ 60 ದಾಟಿದರೆ ಓಡುವ ಹಾಗೆ ಹ್ಯೂಮಿಡಿಸ್ಟ್ಯಾಟ್ ಹಾಕಿಸಿದರೆ ಬೂಷ್ಟು ಹಿಡಿಯುವುದಿಲ್ಲ. ಎಸಿಯ ನೀರು ಹೋಗುವ ಕೊಳವೆಗೆ ಹೊರಡುವ ಮೊದಲು ವಿನೆಗರ್ ಹಾಕಿ, ಅದು ಕಟ್ಟಿಕೊಂಡರೆ ನೀರು ಮನೆಯೊಳಗೆ ಹರಿಯುತ್ತದೆ. ವಿಮಾ ಪಾಲಿಸಿಯಲ್ಲಿ ಮನೆ ಖಾಲಿ ಬಿಡುವ ದಿನಗಳಿಗೆ ಮಿತಿ ಇದೆಯೇ ಓದಿ. ಇದ್ದರೆ ವಾರಕ್ಕೊಮ್ಮೆ ಬಂದು ನೋಡುವವರನ್ನು ಗೊತ್ತುಮಾಡಿ, ಅವರು ಬಂದ ದಿನಾಂಕ ಬರೆದಿಡಲಿ.

ಕರಾರಿಗೆ ಸಹಿ ಹಾಕಿದ ದಿನವೇ ಎರಡು ಮೂರು ವಿಮಾ ಕೋಟ್ ಕೇಳಿ, ತಪಾಸಣೆಗೆಂದು ಕೊಟ್ಟ ಅವಧಿ ಮುಗಿಯುವುದರೊಳಗೆ ಬರಹದಲ್ಲಿ ಕೈಗೆ ಬರಬೇಕು. ಆ ಅವಧಿ ಕಳೆದ ಮೇಲೆ ಛಾವಣಿ ಹಳೆಯದು ಎಂದು ವಿಮೆ ಸಿಗದಿದ್ದರೆ ಮುಂಗಡ ವಾಪಸ್ ಬರುವುದು ಕಷ್ಟ.