ಪದಚರ್ಚೆ: ‘ಕುತ್ಯೂರ್ಯೆ’ – ಅರ್ಥವೇನು, ಮೂಲವೇನು?

ಹತ್ತೊಂಬತ್ತನೆಯ ಶತಮಾನದಲ್ಲಿ ಪ್ಯಾರಿಸ್ಸಿನಲ್ಲಿ ಉಡುಪು ಹೊಲಿದುಕೊಟ್ಟು ಹೆಸರಾದ ಚಾರ್ಲ್ಸ್ ಫ್ರೆಡರಿಕ್ ವರ್ತ್ ಕುರಿತ ಲೇಖನದ ಅನುವಾದಕ್ಕೆ, ‘ಕುತ್ಯೂರ್ಯೆ’ ಎಂಬ ಫ್ರೆಂಚ್ ಪದಕ್ಕೆ ಸಾಟಿಯಾದ ಕನ್ನಡ ಪದ ತುರ್ತಾಗಿ ಬೇಕೆಂದು ಕೇಳಿದ್ದೀರಿ. ಈ ಚರ್ಚೆಯಲ್ಲಿ ಬೇರೆಯವರು ಸೂಚಿಸಿರುವ ‘ವಸ್ತ್ರವಿನ್ಯಾಸಕ’ ಇಲ್ಲಿ ಸಲ್ಲದು. ವಿನ್ಯಾಸಕನು ಚಿತ್ರ ಬರೆದುಕೊಟ್ಟು ಸುಮ್ಮನಾಗಬಹುದು. ಕುತ್ಯೂರ್ಯೆ ತನ್ನದೇ ಹೊಲಿಗೆಮನೆ ನಡೆಸುತ್ತ, ಒಬ್ಬೊಬ್ಬರ ಮೈಯಳತೆಗೆ ತಕ್ಕಂತೆ ಉಡುಪನ್ನು ಸಿದ್ಧಪಡಿಸಿಕೊಡುವವನು.

ಫ್ರೆಂಚಿನ ‘ಕುತ್ಯೂರ್’ ಎಂದರೆ ಹೊಲಿಗೆ. ಅದರ ಹಿಂದಿರುವುದು ‘ಕೂಡಿಸಿ ಹೊಲಿ’ ಎಂಬರ್ಥದ ಲ್ಯಾಟಿನ್ ಕ್ರಿಯಾಪದ. ಸಂಸ್ಕೃತದ ‘ಸಿವ್’ ಧಾತು ಅದರ ದಾಯಾದಿ. ಇಂಗ್ಲಿಷಿನ ‘ಟೈಲರ್’ ಮಾತ್ರ ಕತ್ತರಿಸು ಎಂಬರ್ಥದ ಬೇರೊಂದು ಫ್ರೆಂಚ್ ಪದದಿಂದ ಬಂದದ್ದು. ಈ ಭೇದ ನಿಘಂಟಿನೊಳಗಷ್ಟೇ ಇದ್ದದ್ದಲ್ಲ: ಪ್ಯಾರಿಸ್ಸಿನಲ್ಲಿ ಗಂಡು ದರ್ಜಿಗಳ ಸಂಘಕ್ಕಷ್ಟೇ ಇದ್ದ ಹಕ್ಕನ್ನು ಸಡಿಲಿಸಿ, ಹೆಂಗಸರ ಉಡುಪು ಹೊಲಿಯಲು ಹೊಲಿಗೆಯ ಹೆಂಗಸರಿಗೆ ಪ್ರತ್ಯೇಕ ಸಂಘ ಕಟ್ಟಿಕೊಳ್ಳಲು 14ನೆಯ ಲೂಯಿ ಅನುಮತಿ ಕೊಟ್ಟದ್ದು 1675ರಲ್ಲಿ. ಅವರೇ ‘ಕುತ್ಯೂರ್ಯೇರ್’. ಪುಲ್ಲಿಂಗ ರೂಪವಾದ ‘ಕುತ್ಯೂರ್ಯೆ’ಗೆ ಇಂದಿನ ಘನತೆ ಬಂದದ್ದು 1858ರಲ್ಲಿ ವರ್ತ್ ಪ್ಯಾರಿಸ್ಸಿನಲ್ಲಿ ಮಳಿಗೆ ತೆರೆದ ನಂತರ. ಸ್ತ್ರೀಲಿಂಗಕ್ಕೆ ಬರಿಯ ಹೊಲಿಗೆಯವಳು ಎಂಬ ಅರ್ಥ ಇಂದಿಗೂ ಉಳಿದಿರುವುದರಿಂದ, ಅನುವಾದದಲ್ಲಿ ಲಿಂಗ ಬದಲಾಯಿಸಿದರೆ ಸಾಕೆಂದು ಭಾವಿಸಬೇಡಿ.

ನನ್ನ ಸಲಹೆ ‘ದರ್ಜಿ’. ಪಾರಸಿಯಲ್ಲಿ ‘ದರ್ಜ್’ ಎಂದರೆ ಹೊಲಿಗೆಯ ಸಾಲು, ‘ದರ್ಜಿ’ ಅದನ್ನು ಹಾಕುವವನು. ಎಂದರೆ ಫ್ರೆಂಚ್ ಪದ ಹುಟ್ಟಿದ ಅರ್ಥದಲ್ಲೇ ಇದೂ ಹುಟ್ಟಿದೆ. ‘ಸಿಂಪಿಗ’ ಇನ್ನೂ ಹಳೆಯದಾದರೂ ಸಮುದಾಯದ ಹೆಸರಾಗಿ ನಿಂತಿರುವ ಕಾರಣ ವರ್ತ್‌ಗೆ ಹೊಂದುವುದಿಲ್ಲ. ದರ್ಜಿ ಕನ್ನಡವಲ್ಲವೆಂದು ತಕರಾರು ತೆಗೆದವರೇ ‘ವಸ್ತ್ರವಿನ್ಯಾಸಕ’ವನ್ನು ಮುಂದಿಟ್ಟಿದ್ದಾರೆ. ಅದರ ಎರಡು ಪದಗಳೂ ಸಂಸ್ಕೃತದ ಎರವಲು. ಸಂಸ್ಕೃತದಿಂದ ತಂದದ್ದು ಸ್ವಂತ, ಪಾರಸಿಯಿಂದ ತಂದದ್ದು ಪರಕೀಯ ಎಂಬ ವಾದವನ್ನು ನಾನು ಒಪ್ಪುವುದಿಲ್ಲ. ಚರ್ಚೆಯಲ್ಲಿ ಬಂದಿರುವ ‘ಉಡುಗೆಯರಿಗ’ ಎಂಬ ಹೊಸದಾಗಿ ಟಂಕಿಸಿದ ಪದವನ್ನಂತೂ ಹೊಲಿಯುವವರೂ ತೊಡುವವರೂ ಬಳಸರು, ಅದನ್ನು ಬಿಡಿ.

ದರ್ಜಿ ಎಂದರೆ ವರ್ತ್‌ನ ಹಿರಿಮೆ ಕುಗ್ಗುತ್ತದೆ ಎಂದಿದ್ದೀರಿ. ಫ್ರೆಂಚರು ಹೊಲಿಗೆಯ ಪದವನ್ನೇ ಉಳಿಸಿಕೊಂಡು, ಬೇಕಾದಲ್ಲಿ ಅದಕ್ಕೆ ಮೊದಲು ‘ದೊಡ್ಡ’ ಎಂಬ ವಿಶೇಷಣ ಸೇರಿಸುತ್ತಾರೆ. ನೀವೂ ಮೊದಲ ಸಲ ‘ಹೆಸರಾಂತ ದರ್ಜಿ, ಫ್ರೆಂಚಿನಲ್ಲಿ ಕುತ್ಯೂರ್ಯೆ’ ಎಂದು ಬರೆದು, ಮುಂದೆ ‘ದರ್ಜಿ’ ಎಂದಷ್ಟೇ ಬಳಸಿ. ಅತ್ಯುನ್ನತ ದರ್ಜೆಯ ಹೊಲಿಗೆ ಎಂಬರ್ಥದ ‘ಓತ್ ಕುತ್ಯೂರ್’ ಮಾತ್ರ 1945ರಿಂದ ಫ್ರಾನ್ಸಿನಲ್ಲಿ ಕಾನೂನಿನ ರಕ್ಷಣೆಯಿರುವ ಹೆಸರು. ಅದನ್ನು ಅನುವಾದಿಸದೆ ಹಾಗೆಯೇ ಇಡಿ.