ದೇವರ ರಾಜ್ಯದ ಅಧಿಕಾರ ದಿನನಿತ್ಯದ ಬದುಕಿನಲ್ಲಿ ಹೇಗಿರುತ್ತದೆ? ನಿಮ್ಮ ಅನುಭವ ಹೇಳಿ

ಪ್ರಶ್ನೆ

ಎಲ್ಲರಿಗೂ ಕರ್ತನ ನಾಮದಲ್ಲಿ ವಂದನೆ. ನಾನು ದೀಕ್ಷಾಸ್ನಾನ ತೆಗೆದುಕೊಂಡು ಕ್ರೈಸ್ತಳಾಗಿ ಜಾಸ್ತಿ ಸಮಯ ಆಗಿಲ್ಲ. "ನಮಗೆ ಅಧಿಕಾರ ಸಿಕ್ಕಿದೆ, ಅದನ್ನು ಉಪಯೋಗಿಸಿ" ಎಂದು ಸಭೆಯಲ್ಲಿ (ಚರ್ಚಿನಲ್ಲಿ) ಆಗಾಗ ಕೇಳುತ್ತೇನೆ. ಬೈಬಲಿನಲ್ಲಿ ಲೂಕ 10:19 ಓದಿದ್ದೇನೆ, ಹಾವು ಚೇಳುಗಳನ್ನು ತುಳಿಯುವ ಅಧಿಕಾರದ ಮಾತು. ಆದರೆ ಸೋಮವಾರ ಬೆಳಿಗ್ಗೆ ಕೆಲಸಕ್ಕೆ ಹೋದಾಗ, ಮನೆಯಲ್ಲಿ ಮಾತಿಗೆ ಮಾತು ಬೆಳೆದಾಗ, ಯಾರಾದರೂ ಹಾಸಿಗೆ ಹಿಡಿದಾಗ ಈ ಅಧಿಕಾರ ಅಂದರೆ ಏನು? ಸೈತಾನನನ್ನು ಜೋರಾಗಿ ಗದರಿಸಿ ಪ್ರಾರ್ಥಿಸುವುದಾ? ನನಗೆ ಅದು ಬರುವುದಿಲ್ಲ. ದಯವಿಟ್ಟು ಪ್ರಸಂಗ ಬೇಡ, ನಿಮ್ಮ ಬದುಕಿನಲ್ಲಿ ಕಂಡದ್ದನ್ನು ಹೇಳಿ.

ಆಫೀಸಿನಲ್ಲಿ ಲೆಕ್ಕಪತ್ರ ನೋಡಿಕೊಳ್ಳುವ ಸಹೋದರ

ಸಹೋದರಿ, ಗಟ್ಟಿಯಾಗಿ ಪ್ರಾರ್ಥಿಸಲು ಬರುವುದಿಲ್ಲ ಅಂತ ಬೇಜಾರು ಮಾಡಿಕೊಳ್ಳಬೇಡಿ. ನನಗೆ ಈ ವಿಷಯ ಬಿಡಿಸಿ ಹೇಳಿದವನು ಕಪೆರ್ನೌಮ್ ಊರಿನ ಶತಾಧಿಪತಿ, ಅಂದರೆ ನೂರು ಸಿಪಾಯಿಗಳ ಮೇಲಿನ ಅಧಿಕಾರಿ. ಮತ್ತಾಯ 8ನೇ ಅಧ್ಯಾಯದಲ್ಲಿ ಬರುತ್ತಾನೆ. ಅವನ ಆಳು ಪಾರ್ಶ್ವವಾಯು ಬಡಿದು ಮಲಗಿದ್ದಾನೆ. ಯೇಸು ಮನೆಗೆ ಬರುತ್ತೇನೆ ಎಂದರೆ ಇವನು ಬೇಡ ಸ್ವಾಮೀ, ಒಂದು ಮಾತು ಹೇಳಿದರೆ ಸಾಕು ಅನ್ನುತ್ತಾನೆ. ಅದಕ್ಕೆ ಅವನು ಕೊಡುವ ಕಾರಣ ನೋಡಿ. ತನ್ನ ಕೈಕೆಳಗೆ ಸಿಪಾಯಿಗಳಿದ್ದಾರೆ ಅನ್ನುವುದಕ್ಕೆ ಮುಂಚೆ, ತಾನೂ ಇನ್ನೊಬ್ಬರ ಕೈಕೆಳಗೆ ಇರುವವನು ಅನ್ನುತ್ತಾನೆ. ಅವನು ಹೋಗು ಅಂದ ಕೂಡಲೇ ಸಿಪಾಯಿ ಹೋಗುವುದು ಅವನ ಗಂಟಲು ದೊಡ್ಡದು ಅಂತಲ್ಲ. ಅವನ ಮೇಲೆ ರೋಮ್ ಇದೆ, ಅವನು ಅದಕ್ಕೆ ಒಳಪಟ್ಟಿದ್ದಾನೆ, ಅದಕ್ಕೇ ಅವನ ಮಾತು ನಡೆಯುತ್ತದೆ. ಯಾಕೋಬ 4:7ರಲ್ಲೂ ಇದೇ ಕ್ರಮ. ಮೊದಲು ದೇವರಿಗೆ ಒಳಗಾಗಿರಿ, ಆಮೇಲೆ ಸೈತಾನನನ್ನು ಎದುರಿಸಿರಿ. ನಾವು ಎರಡನೆಯದನ್ನು ಮಾತ್ರ ಬಾಯಿಪಾಠ ಮಾಡಿರುತ್ತೇವೆ, ಅಲ್ವಾ?

ಇನ್ನು ಸೋಮವಾರದ ವಿಷಯ. ಒಂದು ಸಲ ತಿಂಗಳ ಕೊನೆಯಲ್ಲಿ ನನ್ನ ಮೇಲಿನವರು ಒಂದು ಬಿಲ್ ತಂದು ಮೇಜಿನ ಮೇಲೆ ಇಟ್ಟರು. ಸಾಮಾನು ಇನ್ನೂ ಬಂದಿರಲಿಲ್ಲ. ಬಂದಿದೆ ಅಂತ ಬರೆದು, ಹಿಂದಿನ ತಾರೀಖು ಹಾಕಿ ಸಹಿ ಮಾಡು ಅಂದರು. ಪೆನ್ನನ್ನೂ ಅವರೇ ತೆರೆದು ಕೈಗೆ ಕೊಟ್ಟರು. ಪಕ್ಕದ ಮೇಜಿನವರು ಟೈಪ್ ಮಾಡುವುದನ್ನು ನಿಲ್ಲಿಸಿದ್ದು ಕಿವಿಗೆ ಬಿತ್ತು. ನಾನು ಪೆನ್ನನ್ನು ಬಿಲ್ಲಿನ ಮೇಲೆ ಇಟ್ಟು, "ಸಾರ್, ಸಾಮಾನು ಬಂದ ದಿನ ಸಹಿ ಹಾಕ್ತೀನಿ. ಅಲ್ಲಿವರೆಗೆ ಬೇರೆ ಏನು ಕೆಲಸ ಇದ್ರೂ ಹೇಳಿ, ರಾತ್ರಿ ಕೂತಾದ್ರೂ ಮುಗಿಸಿಕೊಡ್ತೀನಿ" ಅಂದೆ. ಯಾವ ಆತ್ಮವನ್ನೂ ಗದರಿಸಲಿಲ್ಲ. ಅವರ ಮೇಲೆ ಸಿಟ್ಟೂ ಬರಲಿಲ್ಲ. ನಾನು ಯಾರ ಕೈಕೆಳಗೆ ಇದ್ದೇನೆ ಅನ್ನುವುದು ಆ ಹೊತ್ತು ನಿಚ್ಚಳವಾಗಿತ್ತು, ಅಷ್ಟೇ.

ಆಮೇಲೆ ನನಗೆ ಬಡ್ತಿ ಸಿಕ್ಕಿತು ಅಂತ ಸಾಕ್ಷಿ ಹೇಳಲು ಆಗುವುದಿಲ್ಲ. ಬೇರೆ ವಿಭಾಗಕ್ಕೆ ಹಾಕಿದರು, ಅಲ್ಲಿ ಕೆಲಸ ಜಾಸ್ತಿ. ಆದರೆ ಪಕ್ಕದ ಮೇಜಿನವರು ಕೆಲವು ವಾರ ಬಿಟ್ಟು ಹುಡುಕಿಕೊಂಡು ಬಂದು, ಮನೆಯ ಒಂದು ಕಷ್ಟ ಹೇಳಿ, "ನಿಮ್ಮ ದೇವರ ಹತ್ತಿರ ಕೇಳ್ತೀರಾ?" ಅಂದರು. ಅವರು ಸಭೆಗೆ ಕಾಲಿಟ್ಟವರಲ್ಲ. ರಾಜ್ಯ ಹತ್ತಿರ ಬಂದಿದೆ ಅಂತ ಯೇಸು ಸಾರಿದ್ದು ಇಂಥ ಜಾಗದಲ್ಲೂ ಕಾಣುತ್ತದೆ ಅಂತ ನಾನು ನಂಬುತ್ತೇನೆ.

ನರ್ಸ್ ಆಗಿ ಕೆಲಸ ಮಾಡುವ ಸಹೋದರಿ

ಕಾಯಿಲೆಯ ಬಗ್ಗೆ ಕೇಳಿದ್ದೀರಿ, ಅದಕ್ಕೆ ನಾನು ಬರೆಯುತ್ತೇನೆ. ಯೇಸು ಇಂದಿಗೂ ಗುಣಮಾಡುತ್ತಾರೆ ಎಂದು ನಂಬಿಯೇ ರೋಗಿಗಳಿಗಾಗಿ ಪ್ರಾರ್ಥಿಸುತ್ತೇನೆ. ಡ್ಯೂಟಿ ಶುರುವಾಗುವಾಗ ಕೈ ತೊಳೆಯುತ್ತಾ, ವಾರ್ಡಿನಲ್ಲಿ ಇರುವವರನ್ನು ಒಬ್ಬೊಬ್ಬರನ್ನಾಗಿ ನೆನೆದು ಯೇಸುವಿನ ಹೆಸರಿನಲ್ಲಿ ಬೇಡಿಕೊಳ್ಳುತ್ತೇನೆ. ಮನುಷ್ಯರ ಲೆಕ್ಕ ಮೀರಿ ಎದ್ದು ನಡೆದು ಹೋದವರನ್ನು ನೋಡಿದ್ದೇನೆ. ಅದೇ ಪ್ರಾರ್ಥನೆ ಮಾಡಿದ ಮೇಲೂ ತೀರಿಕೊಂಡವರ ಕಣ್ಣು ಮುಚ್ಚಿದ್ದೇನೆ.

ಒಬ್ಬ ತಾಯಿಗೆ ಯಾರೋ ಬಂದು, ಗುಣ ಆಗಿದೆ ಅಂತ ಘೋಷಿಸಿ, ಇನ್ನು ಮಾತ್ರೆ ನಿಲ್ಲಿಸಿ, ತೆಗೆದುಕೊಂಡರೆ ಅಪನಂಬಿಕೆ ಅಂದುಬಿಟ್ಟಿದ್ದರು. ಆಕೆಗೆ ಸಕ್ಕರೆ ಕಾಯಿಲೆ. ಪ್ರಜ್ಞೆ ತಪ್ಪಿದ ಮೇಲೆ ನಮ್ಮ ಹತ್ತಿರ ತಂದರು. ಎಚ್ಚರ ಬಂದಾಗ ಆಕೆಯ ಮೊದಲ ಮಾತು, "ನನ್ನ ನಂಬಿಕೆ ಸಾಲದೇ ಹೋಯ್ತಾ ಸಿಸ್ಟರ್?" ನಾನು ಮಂಚದ ಪಕ್ಕ ಕೂತು 2 ತಿಮೊಥೆಯ 4:20 ಓದಿದೆ. ಯೇಸುವಿನ ಅಪೊಸ್ತಲನಾದ ಪೌಲನು ತನ್ನ ಜೊತೆಗಾರ ತ್ರೊಫಿಮನನ್ನು ಮಿಲೇತ ಊರಿನಲ್ಲಿ ಕಾಯಿಲೆಯಲ್ಲೇ ಬಿಟ್ಟು ಬಂದಿದ್ದಾನೆ. ತನ್ನ ಶಿಷ್ಯ ತಿಮೊಥೆಯನಿಗೆ ಹೊಟ್ಟೆಯ ತೊಂದರೆಗೆ ಸ್ವಲ್ಪ ದ್ರಾಕ್ಷಾರಸ ತೆಗೆದುಕೋ ಅಂತ ಬರೆಯುತ್ತಾನೆ. ತನ್ನದೇ ದೇಹದ ಮುಳ್ಳು, ಅಂದರೆ ಬಿಡದ ಬಾಧೆ, ಹೋಗಲಿ ಅಂತ ಮೂರು ಸಾರಿ ಬೇಡಿದಾಗ ಕರ್ತನಿಂದ ಸಿಕ್ಕ ಉತ್ತರ, ನನ್ನ ಕೃಪೆ ಸಾಕು ಅಂತ. ಪೌಲನಿಗೆ ಅಧಿಕಾರ ಇರಲಿಲ್ಲ ಅಂತ ಯಾರಾದರೂ ಹೇಳುತ್ತಾರಾ? ಆಕೆ ಅತ್ತರು. ಆಮೇಲೆ ಇನ್ಸುಲಿನ್ ಹಾಕಿಸಿಕೊಂಡರು.

ರಾಜ್ಯ ಬಂದಿದೆ, ಆದರೆ ಇನ್ನೂ ಪೂರ್ತಿ ಬಂದಿಲ್ಲ. ನಿಮ್ಮ ರಾಜ್ಯ ಬರಲಿ ಅಂತ ನಾವು ಈಗಲೂ ಬೇಡುತ್ತಿರುವುದು ಅದಕ್ಕೇ. ಧೈರ್ಯವಾಗಿ ಕೇಳಿ, ಕೈ ಇಟ್ಟು ಪ್ರಾರ್ಥಿಸಿ, ಗುಣವಾದರೆ ಕುಣಿದು ಸ್ತೋತ್ರ ಮಾಡಿ. ಆದರೆ ಗುಣವಾಗದವರ ತಲೆಯ ಮೇಲೆ ತಪ್ಪು ಹೊರಿಸುವ ಅಧಿಕಾರ ನಮಗೆ ಯಾರೂ ಕೊಟ್ಟಿಲ್ಲ. ಔಷಧಿ ನಿಲ್ಲಿಸಿ ಅಂತ ಯಾರೇ ಹೇಳಲಿ, ಡಾಕ್ಟರನ್ನು ಕೇಳದೆ ನಿಲ್ಲಿಸಬೇಡಿ. ಇದನ್ನು ಕೈಮುಗಿದು ಹೇಳುತ್ತಿದ್ದೇನೆ.

ಚಿಕ್ಕ ಮಕ್ಕಳ ತಾಯಿ

ನಾನು ಚಿಕ್ಕದಾಗಿ ಹೇಳುತ್ತೇನೆ. ನನ್ನ ಮಗ ರಾತ್ರಿ ಹೆದರಿ ಏಳುತ್ತಿದ್ದ. ನಾನು ಕೂಗಿ ಗದರಿಸಿದರೆ ಮಗು ಇನ್ನೂ ಹೆದರುತ್ತದೆ. ಹಾಗಾಗಿ ಅವನ ಪಕ್ಕ ಮಲಗಿ, "ಯೇಸಪ್ಪ ಇಲ್ಲೇ ಇದ್ದಾರೆ, ಭಯವೇ, ನೀನು ಹೊರಡು" ಅಂತ ಪಿಸುಮಾತಿನಲ್ಲಿ ಹೇಳಿ, ಸಮಾಧಾನದಿಂದ ಮಲಗಿ ನಿದ್ರಿಸುವೆನು ಅನ್ನುವ ಕೀರ್ತನೆ 4ರ ಕೊನೆಯ ವಚನ ಇಬ್ಬರೂ ಸೇರಿ ಹೇಳುತ್ತಿದ್ದೆವು. ಈಗ ತಂಗಿ ಹೆದರಿದರೆ ಅವನೇ ಎದ್ದು ಹೋಗಿ ಅವಳಿಗೆ ಅದನ್ನು ಹೇಳಿಕೊಡುತ್ತಾನೆ. ಪಿಸುಮಾತಿಗೂ ಅಷ್ಟೇ ಅಧಿಕಾರ ಇದೆ ಸಹೋದರಿ.

ಪ್ರಶ್ನೆ ಕೇಳಿದವರು

ತುಂಬಾ ವಂದನೆ ಎಲ್ಲರಿಗೂ. ಓದಿ ಮನಸ್ಸು ಹಗುರವಾಯಿತು. ಆದರೆ ಮನೆಯ ವಿಷಯ ಉಳಿಯಿತು. ನನ್ನ ಅತ್ತಿಗೆಗೂ ನನಗೂ ಆಸ್ತಿಯ ವಿಚಾರದಲ್ಲಿ ಮಾತು ನಿಂತುಹೋಗಿದೆ. "ಅವಳ ಹಿಂದೆ ಇರುವ ಜಗಳದ ಆತ್ಮವನ್ನು ಬಂಧಿಸು, ಎಲ್ಲಾ ಸರಿಹೋಗುತ್ತದೆ" ಅಂತ ಒಬ್ಬರು ಹೇಳಿದರು. ದಿನಾ ಹಾಗೇ ಪ್ರಾರ್ಥಿಸುತ್ತಿದ್ದೇನೆ. ಏನೂ ಬದಲಾಗಿಲ್ಲ. ಏನು ಮಾಡಲಿ?

ಸಭೆಯ ಹಿರಿಯರೊಬ್ಬರು

ಮಗಳೇ, ನಿನ್ನ ತಂದೆಯ ವಯಸ್ಸಿನವನು ನಾನು. ಹಾಗಾಗಿ ನೇರವಾಗಿ ಹೇಳುತ್ತೇನೆ.

ಎಫೆಸ 6:12ರಲ್ಲಿ ನಮ್ಮ ಹೋರಾಟ ಮನುಷ್ಯರ ಸಂಗಡ ಅಲ್ಲ, ದುರಾತ್ಮಗಳ ಸಂಗಡ ಅಂತ ಇದೆ. ಸೈತಾನ ಮನೆ ಒಡೆಯುತ್ತಾನೆ, ಇದು ನಿಜ, ಹಗುರವಾಗಿ ತೆಗೆದುಕೊಳ್ಳುವ ಮಾತಲ್ಲ. ಆದರೆ ಅದೇ ಪತ್ರದ 4:26-27 ನೋಡು. ಹೊತ್ತು ಮುಳುಗಿದ ಮೇಲೂ ಕೋಪ ಇಟ್ಟುಕೊಂಡರೆ ಸೈತಾನನಿಗೆ ಜಾಗ ಕೊಟ್ಟಂತೆ ಅನ್ನುತ್ತಾನೆ ಪೌಲ. ಹಿಂಬಾಗಿಲನ್ನು ನಾವೇ ತೆರೆದಿಟ್ಟು ಮುಂಬಾಗಿಲಲ್ಲಿ ನಿಂತು ಕಳ್ಳನನ್ನು ಬೈದರೆ ಏನು ಪ್ರಯೋಜನ? ನಿನ್ನ ಅತ್ತಿಗೆಯ ಕೋಪದ ಮೇಲೆ ನಿನಗೆ ಅಧಿಕಾರ ಇಲ್ಲ. ನಿನ್ನ ಕೋಪದ ಮೇಲೆ ಇದೆ. ಅಲ್ಲಿಂದ ಶುರು ಮಾಡು.

ಇನ್ನೊಂದು. ಲೂಕ 12ರಲ್ಲಿ ಒಬ್ಬ ಬಂದು, ಬೋಧಕನೇ, ಆಸ್ತಿ ಪಾಲು ಮಾಡಿಕೊಡಲು ನನ್ನ ಅಣ್ಣನಿಗೆ ಹೇಳು ಅನ್ನುತ್ತಾನೆ. ಎಲ್ಲಾ ಅಧಿಕಾರ ಇದ್ದ ಯೇಸು ಅದಕ್ಕೆ ಒಪ್ಪಲಿಲ್ಲ. ಪಾಲು ಮಾಡುವವನನ್ನಾಗಿ ನನ್ನನ್ನು ನೇಮಿಸಿದವರು ಯಾರು ಎಂದು ಕೇಳಿ, ಎಲ್ಲಾ ಲೋಭಕ್ಕೂ ಎಚ್ಚರವಾಗಿರಿ ಅಂದರು. ನಮ್ಮ ಪಾಲು ನಮಗೆ ದಕ್ಕಲಿ ಅಂತ ಯೇಸುವಿನ ಹೆಸರನ್ನು ಎಳೆದು ತರಬಾರದು. ಆಸ್ತಿಯ ಕಾಗದ ಪತ್ರಕ್ಕೆ ತಿಳಿದ ವಕೀಲರಿದ್ದಾರೆ, ಅವರನ್ನು ಕೇಳು, ಅದರಲ್ಲಿ ಅಪನಂಬಿಕೆ ಏನೂ ಇಲ್ಲ. ನ್ಯಾಯವಾಗಿ ನಿನಗೆ ಬರಬೇಕಾದ್ದನ್ನು ಬಿಟ್ಟುಕೊಡು ಅಂತಲೂ ನಾನು ಹೇಳುತ್ತಿಲ್ಲ. ಕಾಗದದ ಜಗಳ ಬೇರೆ, ಮಾತು ಬಿಟ್ಟದ್ದು ಬೇರೆ.

ಮಾತು ಬಿಟ್ಟದ್ದಕ್ಕೆ ಮತ್ತಾಯ 5:23-24 ಇದೆ. ಕಾಣಿಕೆಯನ್ನು ಯಜ್ಞವೇದಿಯ ಮುಂದೆಯೇ ಬಿಟ್ಟು ಹೋಗಿ, ಮೊದಲು ಸಹೋದರನ ಸಂಗಡ ಒಂದಾಗು ಅಂತ. ಯೇಸು ಆರಾಧನೆಯನ್ನೇ ಅರ್ಧಕ್ಕೆ ನಿಲ್ಲಿಸಿ ಹೋಗು ಅನ್ನುತ್ತಾರೆ ಅಂದರೆ ಅವರಿಗೆ ಅದು ಎಷ್ಟು ಮುಖ್ಯ ಅಂತ ನೋಡು. ನಾನು ಸಭೆಯಲ್ಲಿ ಬಹಳ ಕಾಲದಿಂದ ಮನೆ ಮನೆಯ ಜಗಳ ಕೇಳುತ್ತಾ ಬಂದಿದ್ದೇನೆ. ಮೊದಲು ಬಗ್ಗುವವರು ಸೋತವರಲ್ಲ. ಯೋಹಾನ 13ನ್ನು ನಿಧಾನವಾಗಿ ಓದು. ತಂದೆ ಎಲ್ಲವನ್ನೂ ತನ್ನ ಕೈಗೆ ಕೊಟ್ಟಿದ್ದಾನೆ ಅಂತ ತಿಳಿದೇ ಯೇಸು ಎದ್ದು, ಮೇಲುಹೊದಿಕೆ ತೆಗೆದಿಟ್ಟು, ಬೋಗುಣಿಗೆ ನೀರು ಹಾಕಿ, ಶಿಷ್ಯರ ಕಾಲು ತೊಳೆದರು. ತನ್ನನ್ನು ಹಿಡಿದುಕೊಡಲಿದ್ದ ಯೂದನ ಕಾಲನ್ನೂ ಸೇರಿಸಿ. ಅವನು ಇನ್ನೂ ಎದ್ದು ಹೋಗಿರಲಿಲ್ಲ.

ಹಾಗಾದರೆ ಪ್ರಾರ್ಥನೆ ಬೇಡವಾ? ಬೇಕು, ಜಾಸ್ತಿಯೇ ಬೇಕು. ಆದರೆ ಅವಳ ವಿರುದ್ಧ ಅಲ್ಲ, ಅವಳಿಗಾಗಿ. ಅವಳ ಹೆಸರು ಹೇಳಿ, ಅವಳ ಆರೋಗ್ಯಕ್ಕೆ, ಮಕ್ಕಳಿಗೆ, ಕೆಲಸಕ್ಕೆ ಆಶೀರ್ವಾದ ಕೇಳು. ಮೊದಲ ಕೆಲವು ದಿನ ನಾಲಿಗೆ ಹೊರಳುವುದಿಲ್ಲ, ಗೊತ್ತು. ಆಗಲೂ ಬಿಡಬೇಡ. ಸೈತಾನನಿಗೆ ಹೇಳಬೇಕಾದ ಮಾತನ್ನು ಒಂದೇ ಸಲ, ಸರಳವಾಗಿ ಹೇಳು, "ಯೇಸುವಿನ ಹೆಸರಿನಲ್ಲಿ ನಮ್ಮ ಮನೆಯಲ್ಲಿ ನಿನಗೆ ಜಾಗವಿಲ್ಲ" ಅಂತ. ಆಮೇಲೆ ಅವನ ಜೊತೆ ಮಾತು ಸಾಕು, ತಂದೆಯ ಜೊತೆ ಮಾತಾಡು.

ಅತ್ತಿಗೆಗೆ ಮೆಸೇಜ್ ಬೇಡ, ಮೆಸೇಜಿನಲ್ಲಿ ದನಿ ಕೇಳಿಸುವುದಿಲ್ಲ. ಫೋನ್ ಮಾಡು, ಇಲ್ಲವೇ ಹೋಗು. ಆಸ್ತಿಯ ಮಾತನ್ನು ಆ ದಿನ ಎತ್ತಲೇಬೇಡ. "ಅತ್ತಿಗೆ, ಹೇಗಿದ್ದೀರಾ? ಮಾತು ಬಿಟ್ಟು ತುಂಬಾ ದಿನ ಆಯ್ತು, ನನಗೆ ಕಷ್ಟ ಆಗ್ತಿದೆ" ಅಂದರೆ ಸಾಕು. ಅವರು ಬಾಗಿಲು ಹಾಕಿಕೊಂಡರೂ ಪರವಾಗಿಲ್ಲ, ಬೈದು ಬರಬೇಡ. ರೋಮಾ 12:18 ನಿನ್ನಿಂದ ಆಗುವ ಮಟ್ಟಿಗೆ ಮಾತ್ರ ಕೇಳುತ್ತದೆ. ಒಂದು ವೇಳೆ ಅಲ್ಲಿ ನಿನ್ನ ಮೇಲೆ ಕೈ ಎತ್ತುವ ಅಥವಾ ಬೆದರಿಸುವ ಪರಿಸ್ಥಿತಿ ಇದ್ದರೆ ಒಬ್ಬಳೇ ಹೋಗಬೇಡ, ನಂಬುವ ಒಬ್ಬರನ್ನು ಕರೆದುಕೊಂಡು ಹೋಗು.

ಯಾವ ದಿನ, ಎಷ್ಟು ಹೊತ್ತಿಗೆ ಫೋನ್ ಮಾಡುತ್ತೀಯ ಅಂತ ಇಲ್ಲಿ ಬರೆ. ಆ ಹೊತ್ತಿಗೆ ನಾನೂ ನನ್ನ ಹೆಂಡತಿಯೂ ಮೊಣಕಾಲೂರಿ ಇರುತ್ತೇವೆ.

ಪ್ರಶ್ನೆ ಕೇಳಿದವರು

ಅಂಕಲ್, ಶನಿವಾರ ಸಂಜೆ 6ಕ್ಕೆ ಮಾಡುತ್ತೇನೆ. ಆ ಹೊತ್ತಿಗೆ ಅತ್ತಿಗೆ ಮನೆಯಲ್ಲಿ ಇರುತ್ತಾರೆ.