ರೇಟೆಡ್ ಸ್ಪೀಡ್ ಎಂದರೆ 'ನಿಗದಿತ ವೇಗ'ವೇ? ಸರ್ವೋ ಮೋಟರ್, ಗೇರ್‌ಬಾಕ್ಸ್ ಪದಗಳ ಬಗ್ಗೆ

ಚಿಕ್ಕಮಗಳೂರಿನ ಕಾಫಿಪುಡಿ ಪ್ಯಾಕಿಂಗ್ ಘಟಕಗಳ ಆಪರೇಟರ್‌ಗಳಿಗೆಂದು ಸಿದ್ಧವಾಗುತ್ತಿರುವ ಕನ್ನಡ ಕೈಪಿಡಿಯ ಕರಡಿನಲ್ಲಿ 'ರೇಟೆಡ್ ಸ್ಪೀಡ್' ಎಂಬುದಕ್ಕೆ ಎಲ್ಲ ಕಡೆಯೂ 'ನಿಗದಿತ ವೇಗ' ಎಂದಿದೆ. ಸರ್ವೋ (ಹೇಳಿದ ವೇಗಕ್ಕೆ, ಹೇಳಿದ ಜಾಗಕ್ಕೆ ಕರಾರುವಾಕ್ಕಾಗಿ ತಿರುಗುವ ಮೋಟರ್) ಮಟ್ಟಿಗೆ ಈ ಪದ ಬೇಡ ಅನ್ನುವುದು ನನ್ನ ಅಭಿಪ್ರಾಯ. ಬದಲಿಗೆ ಯಾವುದು ಒಪ್ಪುತ್ತದೆ ಎಂದು ಬಲ್ಲವರು ತಿಳಿಸಬೇಕು.

ನಿಗದಿತ ದರ, ನಿಗದಿತ ದಿನಾಂಕ ಅಂದಾಗ ಅದರಾಚೆಗೂ ಇಲ್ಲ, ಈಚೆಗೂ ಇಲ್ಲ ಎಂದೇ ಓದುಗ ತಿಳಿಯುತ್ತಾನೆ. ಕಾಫಿ ಡ್ರಯರ್ ತಿರುಗಿಸುವ ಇಂಡಕ್ಷನ್ ಮೋಟರಿಗೆ ಈ ಅರ್ಥ ಹೆಚ್ಚುಕಡಿಮೆ ಹೊಂದುತ್ತದೆ. ನಮ್ಮ 50 ಹರ್ಟ್ಸ್ ಕರೆಂಟಿನಲ್ಲಿ ನಾಲ್ಕು ಪೋಲ್ ಮೋಟರಿನ ಕಾಂತಕ್ಷೇತ್ರ ನಿಮಿಷಕ್ಕೆ 1500 ಸುತ್ತುತ್ತದೆ. ರೋಟರ್ (ಒಳಗೆ ತಿರುಗುವ ಭಾಗ) ಸ್ವಲ್ಪ ಹಿಂದೆ ಬಿದ್ದು, ಪೂರ್ಣ ಲೋಡಿನಲ್ಲಿ 1440ರ ಆಸುಪಾಸಿನಲ್ಲಿ ಓಡುತ್ತದೆ. ಮುಂದೆ 30:1 ಗೇರ್‌ಬಾಕ್ಸ್ ಇದ್ದರೆ ಹೊರಗಿನ ಶಾಫ್ಟ್ 48 ಆರ್‌ಪಿಎಂ (ನಿಮಿಷಕ್ಕೆ 48 ಸುತ್ತು). ನೇರವಾಗಿ ಲೈನಿಗೆ ಕೊಟ್ಟರೆ ಅದಕ್ಕೆ ಬೇರೆ ವೇಗವೇ ಗೊತ್ತಿಲ್ಲ. ಪದ ರೂಢಿಗೆ ಬಂದದ್ದು ಬಹುಶಃ ಇಲ್ಲಿಂದಲೇ.

ಸರ್ವೋ ಹಾಗಲ್ಲ. 400 ವಾಟ್‌ನ ಒಂದು ಸಾಮಾನ್ಯ ಮೋಟರ್ ತೆಗೆದುಕೊಳ್ಳಿ: ರೇಟೆಡ್ ಟಾರ್ಕ್ (ತಿರುಗಿಸುವ ಬಲ) 1.27 ನ್ಯೂಟನ್ ಮೀಟರ್, ರೇಟೆಡ್ ಸ್ಪೀಡ್ 3000 ಆರ್‌ಪಿಎಂ, ಮ್ಯಾಕ್ಸಿಮಮ್ ಸ್ಪೀಡ್ 6000. ಸೊನ್ನೆಯಿಂದ 6000ದವರೆಗೆ ಯಾವ ವೇಗವನ್ನಾದರೂ ಡ್ರೈವ್ (ಮೋಟರನ್ನು ನಡೆಸುವ ನಿಯಂತ್ರಕ) ಕೊಡಿಸಬಹುದು. 3000 ಎಂಬ ಅಂಕಿ ಹೇಳುವುದಿಷ್ಟೇ: ಈ ವೇಗದಲ್ಲಿ 1.27 ನ್ಯೂಟನ್ ಮೀಟರನ್ನು ದಿನವಿಡೀ ಕೊಟ್ಟರೂ ಮೋಟರ್ ಮಿತಿಮೀರಿ ಬಿಸಿಯಾಗುವುದಿಲ್ಲ. ಅದರಾಚೆಗೂ ಓಡುತ್ತದೆ, ಆದರೆ ಎಡೆಬಿಡದೆ ಕೊಡಬಲ್ಲ ಟಾರ್ಕ್ ಇಳಿಯುತ್ತಾ ಹೋಗುತ್ತದೆ. ವೇಗ ಏರಿದಂತೆ ಮೋಟರಿನೊಳಗೆ ಹುಟ್ಟುವ ಎದುರು ವೋಲ್ಟೇಜೂ ಏರುವುದರಿಂದ, ಲೈನ್ ವೋಲ್ಟೇಜ್ ಬಿದ್ದ ಹೊತ್ತಿನಲ್ಲಿ ಮೇಲಿನ ವೇಗದ ಟಾರ್ಕೇ ಮೊದಲು ಕುಸಿಯುತ್ತದೆ. ಸಂಜೆ ವೋಲ್ಟೇಜ್ ಇಳಿಯುವ ಊರುಗಳಲ್ಲಿ ಇದನ್ನು ಲೆಕ್ಕಕ್ಕೆ ಹಿಡಿಯಲೇಬೇಕು.

ಪದ ತಪ್ಪಿದರೆ ಏನಾಗುತ್ತದೆಂದು ಪೌಚ್ ಮೆಷಿನ್ನಿನಲ್ಲೇ ನೋಡಬಹುದು. ಫಿಲ್ಮ್ ಎಳೆಯುವ ರೋಲರಿನ ವ್ಯಾಸ 60 ಮಿ.ಮೀ., ಅಂದರೆ ಒಂದು ಸುತ್ತಿಗೆ 188.5 ಮಿ.ಮೀ. 150 ಮಿ.ಮೀ. ಪೌಚನ್ನು 0.3 ಸೆಕೆಂಡಿನಲ್ಲಿ ಎಳೆಯಬೇಕು. ಅರ್ಧ ಹೊತ್ತು ವೇಗ ಏರಿಸಿ, ಉಳಿದರ್ಧ ಇಳಿಸಿದರೆ ತುದಿಯ ವೇಗ ಸರಾಸರಿಯ ಇಮ್ಮಡಿ: ಸೆಕೆಂಡಿಗೆ 1000 ಮಿ.ಮೀ. ರೋಲರ್ ಆಗ ಸುಮಾರು 318 ಆರ್‌ಪಿಎಂ. 10:1 ಗೇರ್‌ಬಾಕ್ಸ್ ಹಾಕಿದರೆ ಮೋಟರ್ ಕ್ಷಣಕಾಲ 3180ಕ್ಕೆ ಏರಿ ಇಳಿಯುತ್ತದೆ. ಇದರಿಂದ ಏನೂ ತೊಂದರೆಯಿಲ್ಲ. ಆದರೆ 'ನಿಗದಿತ ವೇಗ 3000' ಎಂದು ಓದಿದವರು 'ಮೀರಿತಲ್ಲ' ಎಂದು ಹೆದರಿ 5:1 ಹಾಕಿಸುತ್ತಾರೆ. ಆಗ ಮೋಟರ್ 1590ಕ್ಕೇ ನಿಲ್ಲುತ್ತದೆ, ಸರಿ. ಆದರೆ ಅದೇ ಲೋಡಿಗೆ ಮೋಟರ್ ಇಮ್ಮಡಿ ಟಾರ್ಕ್ ಕೊಡಬೇಕು. ಲೋಡಿನ ಜಡತ್ವ ಮೋಟರಿಗೆ ತಟ್ಟುವುದು ಗೇರ್ ಅನುಪಾತದ ವರ್ಗದಿಂದ ಭಾಗಿಸಿದಷ್ಟು. 10:1ರಲ್ಲಿ ನೂರನೇ ಒಂದು ಪಾಲು ಇದ್ದದ್ದು 5:1ರಲ್ಲಿ ಇಪ್ಪತ್ತೈದನೇ ಒಂದು ಪಾಲಾಗುತ್ತದೆ, ಅಂದರೆ ನಾಲ್ಕು ಪಟ್ಟು. ಇದರಿಂದ ಡ್ರೈವನ್ನು ಲೋಡಿಗೆ ಹೊಂದಿಸುವ ಟ್ಯೂನಿಂಗ್ ಕಷ್ಟವಾಗುತ್ತದೆ. ರೋಲರ್ ನಿಲ್ಲುವಾಗ ತುಸು ಮುಂದೆ ಹೋಗಿ ಹಿಂದೆ ಬರುತ್ತದೆ, ಐ ಮಾರ್ಕ್ (ಸೆನ್ಸರ್ ಓದಲೆಂದು ಫಿಲ್ಮಿನ ಮೇಲೆ ಅಚ್ಚಾದ ಗುರುತು) ಜಾಗ ತಪ್ಪುತ್ತದೆ, ಕಟಿಂಗ್ ಅಕ್ಷರದ ಮೇಲೆ ಬೀಳುತ್ತದೆ. ಆಮೇಲೆ ಎಲ್ಲರೂ ಸೆನ್ಸರನ್ನು ದೂರುತ್ತಾರೆ.

ಗೇರ್‌ಬಾಕ್ಸಿನ ಕ್ಯಾಟಲಾಗಿನಲ್ಲೂ ಇವೇ ಎರಡು ಮಾತುಗಳಿವೆ ('ರೇಟೆಡ್' ಬದಲು ಕೆಲವೆಡೆ 'ನಾಮಿನಲ್'), ಅರ್ಥ ಮಾತ್ರ ಬೇರೆ. ಅಲ್ಲಿ ಬರೆದ ವೇಗ ಸಾಮಾನ್ಯವಾಗಿ ಮೋಟರ್ ಕೂರುವ ಬದಿಯದು, ಹೊರಬರುವ ಶಾಫ್ಟಿನದಲ್ಲ. ಪ್ಲಾನೆಟರಿ ಗೇರ್‌ಬಾಕ್ಸಿಗೆ 'ನಾಮಿನಲ್ 3000, ಮ್ಯಾಕ್ಸಿಮಮ್ 6000' ಎಂದಿದ್ದರೆ, ಮೊದಲನೆಯದನ್ನು ಇಡೀ ಸೈಕಲ್ಲಿನ ಸರಾಸರಿಯೊಂದಿಗೆ ಹೋಲಿಸಬೇಕು, ಎರಡನೆಯದನ್ನು ಕ್ಷಣದ ತುದಿಯೊಂದಿಗೆ. ಮೇಲಿನ ಮೆಷಿನ್ ನಿಮಿಷಕ್ಕೆ 40 ಪೌಚ್ ಕಟ್ಟಿದರೆ ಒಂದು ಸೈಕಲ್ 1.5 ಸೆಕೆಂಡು. ಎಳೆಯುವಾಗಿನ ಸರಾಸರಿ 1590, ಅದೂ ಐದನೇ ಒಂದು ಹೊತ್ತು ಮಾತ್ರ. ಆದ್ದರಿಂದ ಒಟ್ಟು ಸರಾಸರಿ 318 ಬಂತು, ಗೇರ್‌ಬಾಕ್ಸ್ ತಣ್ಣಗಿರುತ್ತದೆ. ಅದೇ ಗೇರ್‌ಬಾಕ್ಸನ್ನು ಕನ್ವೇಯರಿಗೆ ಕಟ್ಟಿ 5000ದಲ್ಲಿ ನಿಲ್ಲಿಸದೆ ಓಡಿಸಿದರೆ ಒಳಬದಿಯ ಆಯಿಲ್ ಸೀಲಿನ ತುಟಿ ಬಿಸಿಗೆ ಗಡುಸಾಗುತ್ತದೆ, ಗ್ರೀಸ್ ನೀರಾಗಿ ಮೋಟರ್ ಕಡೆಗೆ ಜಿನುಗುತ್ತದೆ. ಹಲ್ಲು ಮುರಿಯುವುದು ಟಾರ್ಕಿನ ತಪ್ಪಿಗೆ, ಸೀಲ್ ಹೋಗುವುದು ಹೆಚ್ಚಾಗಿ ವೇಗದ ತಪ್ಪಿಗೆ.

ವಿದ್ಯಾರ್ಥಿಗಳ ಪ್ರಾಜೆಕ್ಟಿನ ಚಿಕ್ಕ ಸರ್ವೋಗಳದು ಮೂರನೇ ಬಗೆ. ಅಲ್ಲಿ 'ಸ್ಪೀಡ್ 0.17 ಸೆಕೆಂಡ್/60 ಡಿಗ್ರಿ' ಎಂದಿರುತ್ತದೆ. ಇದು ವೇಗವಲ್ಲ, 60 ಡಿಗ್ರಿ ತಿರುಗಲು ಹಿಡಿಯುವ ಸಮಯ, ಹಾಗಾಗಿ ಅಂಕಿ ದೊಡ್ಡದಾದಷ್ಟೂ ಮೋಟರ್ ನಿಧಾನ. ಆರ್‌ಪಿಎಂ ಬೇಕಿದ್ದರೆ 10ನ್ನು ಆ ಅಂಕಿಯಿಂದ ಭಾಗಿಸಿ: 10 ÷ 0.17, ಸುಮಾರು 59. ಅದೂ ಹೇಳಿದ ವೋಲ್ಟೇಜಿನಲ್ಲಿ, ಲೋಡಿಲ್ಲದಾಗ. ಇದಕ್ಕೆ '60 ಡಿಗ್ರಿ ಸಮಯ' ಎಂದು ಬರೆದರೆ ಸಾಕು.

ಉಳಿದವಕ್ಕೆ ನನ್ನ ಸಲಹೆ ಹೀಗಿದೆ. ಸರ್ವೋ ಮೋಟರಿನದಕ್ಕೆ 'ಪೂರ್ಣ ಟಾರ್ಕಿನ ವೇಗ'. ಗೇರ್‌ಬಾಕ್ಸಿನದಕ್ಕೆ 'ಒಳಬದಿಯ ಸರಾಸರಿ ವೇಗಮಿತಿ'. ಮ್ಯಾಕ್ಸಿಮಮ್ ಎಂಬುದಕ್ಕೆ ಎರಡರಲ್ಲೂ 'ಗರಿಷ್ಠ ವೇಗ', ಗೇರ್‌ಬಾಕ್ಸಿನಲ್ಲಿ ಮಾತ್ರ 'ಒಳಬದಿಯ' ಎಂದು ಸೇರಿಸಲೇಬೇಕು. ಉದ್ದವಾದವು ನಿಜ, ಆದರೆ ಬದಿ ಹೇಳದ ವೇಗದ ಅಂಕಿಗಿಂತ ಉದ್ದದ ಪದ ಮೇಲು. ಪಠ್ಯಪುಸ್ತಕದ 'ಜವ' ಶಾಸ್ತ್ರಕ್ಕೆ ಸರಿಯಾದರೂ ಮೆಷಿನ್ ಮುಂದೆ ನಿಂತವರ ಬಾಯಲ್ಲಿ ಬಾರದು, ಆದ್ದರಿಂದ ಬಿಟ್ಟಿದ್ದೇನೆ.

ಇನ್ನೊಂದು ಪದ ಬಾಕಿಯಿದೆ. ಹೊರಶಾಫ್ಟನ್ನು ಕೈಯಲ್ಲಿ ಅತ್ತಿತ್ತ ತಿರುಗಿಸಿದಾಗ, ಒಳಬದಿ ಅಲುಗುವ ಮುಂಚೆ ಸಿಗುವ ಆ ಸಣ್ಣ ಆಟಕ್ಕೆ (ಬ್ಯಾಕ್‌ಲ್ಯಾಶ್) ಕರಡಿನಲ್ಲಿ 'ಹಿಂಬಡಿತ' ಎಂದಿದೆ. ಹಾಸನದ ಕೈಗಾರಿಕಾ ಪ್ರದೇಶದ ಫಿಟ್ಟರುಗಳು, ಲೇತ್ ಕೆಲಸದವರು ಇದಕ್ಕೆ 'ಪ್ಲೇ' ಬಿಟ್ಟು ಬೇರೆ ಮಾತು ಬಳಸುತ್ತಾರೆಯೇ? 'ಹಲ್ಲಿನ ಸಡಿಲ' ಎಂದರೆ ಅವರಿಗೆ ಒಪ್ಪಿಗೆಯಾದೀತೆ?